ಎರಡೇ ಕೇಳಿಸಿತು

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದು ಬಂದರೆ
ಟೈಲರ್ ಅಂಗಡಿಯ ಮೇಲೆ, ಹನ್ನೊಂದು ಮರದ ಮೆಟ್ಟಿಲು,
ನನ್ನ ಬೋರ್ಡು: ಸಾಲ್ವದೋರ್ ಪಿಂಟೊ, ಪತ್ರ ಬರಹಗಾರರು.
ಪರವಾನಗಿ ನಂಬರು ಮಾಸಿದೆ.
ಸ್ವಲ್ಪ ನಾನೇ ಕೆರೆದದ್ದು.

ಹಳೆ ಕಪ್ಪು-ಬಿಳುಪು ಸಿನಿಮಾದಲ್ಲಾದರೆ
ಇಂಥ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವಳು
ಸಿಗರೇಟಿಗೆ ಬೆಂಕಿ ಕೇಳುತ್ತಾಳೆ.
ಇವಳು ಕೇಳಿದ್ದು ತಾರೀಖು.

ಡಿಸೆಂಬರ್. ಐದೂವರೆಗೇ ಬೀದಿದೀಪ.
ಬಿದಿರು ತಟ್ಟಿಯ ಸಂದಿನಿಂದ ಬೆಳಕು
ಅವಳ ಮುಖವನ್ನು ಗೆರೆಗೆರೆಯಾಗಿ ಕೊಯ್ದಿತ್ತು;
ಒಂದು ಗೆರೆಯಲ್ಲಿ ಕಣ್ಣು, ಇನ್ನೊಂದರಲ್ಲಿ ಬಾಯಿ,
ನಡುವೆ ಇದ್ದದ್ದು ಕಾಣಲಿಲ್ಲ,
ನೋಡಲಿಕ್ಕೂ ಹೋಗಲಿಲ್ಲ ನಾನು.
ಬಿಳಿ ಸೀರೆ, ನೆರಿಗೆ ಹಿಂದಕ್ಕೆ. ಕೈಯಿಂದ ಮಾತ್ರ
ಕೋವಿ ಒರೆಸುವ ಎಣ್ಣೆಯ ವಾಸನೆ.

‘ಜಮ್ಮಾ ಅಲ್ಲ’ ಅಂದಳು ಬೊಳ್ಳಮ್ಮ, ‘ಅವರೇ ಕೊಂಡದ್ದು,
ಹದಿನೆಂಟು ಎಕರೆ ರೊಬಸ್ಟಾ, ಮೆಣಸಿನ ಬಳ್ಳಿ ಸೇರಿ.
ಬರೆದಿಡುತ್ತೇನೆ ಅಂದಿದ್ದರು. ಅಷ್ಟರಲ್ಲಿ...’

ಕೆಳಗಿನ ಡ್ರಾಯರಿನಲ್ಲಿ ನನ್ನ ಹತ್ತಿರ ಹಳೆ ತಿಂಗಳುಗಳಿವೆ.
ಮಾರ್ಚಿನದು ಒಂದು, ಆಗಸ್ಟಿನದು ಮೂರು,
ಖಾಲಿ ಛಾಪಾ ಕಾಗದ, ಬೇಕಾದವರಿಗೆ ಬೇಕಾದ ದಿನ.
ಮಾರ್ಚು ತೆಗೆದೆ.
ಸತ್ತವನ ಸಹಿ ಸುಲಭ, ನಾಲ್ಕು ಸಲ ತಿದ್ದಿದರೆ ಕೈಗೆ ಬರುತ್ತದೆ,
ತಕರಾರಿಗೆ ಅವನು ಮೆಟ್ಟಿಲು ಹತ್ತುವುದಿಲ್ಲ.

ಅವಳ ತೋಟದ ಎದುರು ಗುಡ್ಡದಲ್ಲಿ ನನ್ನ ಮನೆ.
ಕೊಡವರಲ್ಲಿ ಮಗು ಹುಟ್ಟಿದರೆ ಗುಂಡು ಒಂದು,
ಸಾವಾದರೆ ಎರಡು. ಇಲ್ಲಿ ಮಕ್ಕಳಿಗೂ ಗೊತ್ತು.
ಆ ಬುಧವಾರ ನಸುಕಿಗೆ
ಮಂಜು ಕಣಿವೆ ತುಂಬ ಮಗ್ಗುಲಾಗಿ ಬಿದ್ದಿರುವಾಗ
ಎರಡು ಕೇಳಿಸಿತು. ಊರು ಎದ್ದು ಹೊರಟಿತು.
ನಾನೂ ಹೋದೆ. ಬಿಳಿ ಕುಪ್ಯ ತೊಡಿಸಿ ಕೂರಿಸಿದ್ದರು,
ಸೊಂಟದ ಚೇಲೆ ಎಂದಿಗಿಂತ ಮೇಲಕ್ಕೆ,
ಎರಡು ಸುತ್ತು ಜಾಸ್ತಿ.
ಹೃದಯ, ಅಂದರು ಎಲ್ಲರೂ.

ಅದಕ್ಕೂ ಕಾಲು ಗಂಟೆ ಮೊದಲು
ನಾನು ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ.

‘ಹಂದಿ’ ಅಂದಳು ಹೊರಡುವಾಗ, ಯಾರೂ ಕೇಳದೆ,
‘ಈ ವರ್ಷ ಹಂದಿ ಕಾಟ.’
ಲಕೋಟೆ ದಪ್ಪವಿತ್ತು.
ಎಣಿಸಲು ಬರುವವನು ನಾನು, ಎಣಿಸಿದೆ.

ಭಾನುವಾರ ಪೂಜೆ ಬಿಟ್ಟು ಇಗರ್ಜಿಯ ಮೆಟ್ಟಿಲಿಳಿದರೆ
ಜೀಪಿಗೊರಗಿ ಎಸ್ಸೈ ರುದ್ರಮುನಿ. ಬಯಲುಸೀಮೆಯವನು,
ಚಳಿಗೆ ಮಫ್ಲರು ಕಿವಿ ಮುಚ್ಚುವಷ್ಟು.
‘ಈ ಕಡೆ ಸತ್ತರೆ ಎಷ್ಟು ಗುಂಡು, ಪಿಂಟೊ?’
‘ಎರಡು ಸರ್.’
‘ಅವತ್ತು?’
ಕಡ್ಡಿ ಗೀರಿದ. ಉರಿ ಅವನ ಬೆರಳಿಗೆ ಬರುವ ತನಕ
ಇಬ್ಬರೂ ಅದನ್ನೇ ನೋಡಿದೆವು.
‘ಎರಡೇ ಕೇಳಿಸಿತು.’

ಮಫ್ಲರು ಸಡಿಲಿಸಿದ. ನಕ್ಕ ಅನ್ನಲಾರೆ.
‘ಊರಲ್ಲಿ ನಮ್ಮ ಚಿಕ್ಕಪ್ಪನದೊಂದು ಹೊಲ.
ಮೊನ್ನೆ ಹೋಗಿಬಿಟ್ಟರು ಪಾಪ.
ಆಗಸ್ಟು ಸಿಗುತ್ತದಾ ನಿಮ್ಮಲ್ಲಿ?’

ಎರಡಿದೆ, ಅಂದೆ.