ತೂಕಕ್ಕೆ ಕೊಂಡದ್ದು

ಅದನ್ನು ನಾನು ತೂಕಕ್ಕೆ ಕೊಂಡೆ.
ಗುಜರಿಯವನ ತಕ್ಕಡಿ ನೂರ ಮೂವತ್ತೆರಡು ಅಂದಿತು,
ಕಿಲೋಗೆ ಮೂವತ್ತೈದು.
ಜೇಬಿಗೆ ಎರಡು ರೂಪಾಯಿ ಕೂಲಿಯವಳು ನಾನು,
ನಿಂತಲ್ಲೇ ಲೆಕ್ಕ ಹಾಕಿದೆ:
ಎರಡು ಸಾವಿರದ ಮುನ್ನೂರ ಹತ್ತು ಜೇಬು,
ಯಾರ್ಯಾರೋ ಕೈ ಇಟ್ಟುಕೊಂಡು ತಿರುಗುವ ಜೇಬು,
ಕೊಟ್ಟು ಒಂದು ಯಜ್ದಿ.

"ಓಡ್ತೈತಾ?" ಅಂದೆ.
"ತಳ್ಳಿದ್ರೆ ಓಡ್ತೈತೆ" ಅಂದ.

ರೂಪನಗುಡಿ ರಸ್ತೆಯಿಂದ ಕೌಲ್ ಬಜಾರಿನವರೆಗೆ
ತಳ್ಳಿಕೊಂಡೇ ಬಂದೆ, ಏಪ್ರಿಲ್ಲಿನ ಮಧ್ಯಾಹ್ನ,
ಎರಡೂ ಟೈರಿನಲ್ಲಿ ಗಾಳಿಯಿಲ್ಲ.
ಕೋಟೆ ಬೆಟ್ಟದ ಬಂಡೆ ಬಿಸಿಲನ್ನು ಊರ ಮೇಲೆ ವಾಪಸ್ ಎಸೆಯುತ್ತಿತ್ತು.
ಮಿರ್ಚಿ ಬಂಡಿಯ ಹತ್ತಿರ ಒಬ್ಬ ಕೇಳಿದ,
"ಯಾರದವ್ವಾ ಗಾಡಿ?"
ನನ್ನದು ಅನ್ನಲು ಬಾಯಿಗೆ ಅಭ್ಯಾಸವಿರಲಿಲ್ಲ.
ಹೊಲಿಗೆ ಯಂತ್ರ ಸಾವ್ಕಾರ್ರದು, ಮನೆ ಬಾಡಿಗೆಯದು,
ಸೈಕಲ್ಲು ತಮ್ಮನದು.
"ರಿಪೇರಿಗೆ" ಅಂದು ಮುಂದೆ ತಳ್ಳಿದೆ.

ಭಾನುವಾರ ಮಾತ್ರ ಕೈ ಬಿಡುವು.
ಮಾಬುಸಾಬ್ ಗರಾಜು ಮುಚ್ಚಿ ಎಂಟು ವರ್ಷ,
ಕಣ್ಣಿಗೆ ಪೊರೆ ಬಂದಿದೆ, ನಟ್ಟಿನ ಸೈಜು ಮುಟ್ಟಿಯೇ ಹೇಳುತ್ತಾನೆ.
ಅವನು ಕಟ್ಟೆಯ ಮೇಲೆ ಕೂತು ಹೇಳಿದಂತೆ ನಾನು ಬಿಚ್ಚಿದೆ.
ಏರ್ ಫಿಲ್ಟರಿನೊಳಗೆ ಕಣಜವೊಂದು ಮಣ್ಣಿನ ಮನೆ ಮಾಡಿತ್ತು,
ಮೂರು ಕೋಣೆ, ಮೂರೂ ಖಾಲಿ.
ಟ್ಯಾಂಕಿಗೆ ಹುಣಸೆ ಹುಳಿ ಹೊಯ್ದು, ಮೇಲೊಂದು ಹಿಡಿ ನಟ್ಟು ಹಾಕಿ
ನಾನೂ ತಮ್ಮನೂ ಎರಡು ಕಡೆ ಹಿಡಿದು ತೊಟ್ಟಿಲಿನ ಹಾಗೆ ತೂಗಿದೆವು,
ಕಂದು ಸಾರು ಹೊರಬಂತು.
ಅಂಟಿಕೊಂಡ ಪಿಸ್ಟನ್ನಿಗೆ ಪ್ಲಗ್ಗಿನ ತೂತಿಂದ ಡೀಸೆಲ್ ಬಿಟ್ಟು
ಒಂಬತ್ತು ದಿನ ಕಾದೆವು.
ಹತ್ತನೆಯ ದಿನ ಕಿಕ್ಕರ್ ಒಂದು ಇಂಚು ಇಳಿಯಿತು.
ಆ ಒಂದು ಇಂಚಿಗೆ ಓಣಿಗೆಲ್ಲ ಚಹಾ ಕುಡಿಸಿದೆ.

ಕಾರ್ಬೊರೇಟರಿನ ಜೆಟ್ಟು ಕಟ್ಟಿಕೊಂಡಿತ್ತು.
ರವಿಕೆಗೆ ಚುಚ್ಚಿದ್ದ ಸೂಜಿ ತೆಗೆದೆ.
"ಸೂಜಿ ಬ್ಯಾಡ ಸುಂಕಮ್ಮಾ," ಮುದುಕ ಗದರಿದ,
"ತೂತು ದೊಡ್ಡದಾಗ್ತೈತೆ. ಅದಕ್ಕೂ ಒಂದು ಅಳತೆ ಐತೆ."
ಇಪ್ಪತ್ತು ವರ್ಷ ಸೂಜಿಯಿಂದ ಅನ್ನ ತಿಂದವಳು
ಸೂಜಿಯನ್ನು ವಾಪಸ್ ಚುಚ್ಚಿಕೊಂಡು
ತಾಮ್ರದ ವೈರಿನ ಒಂದೇ ಎಳೆ ಬಿಡಿಸಿಕೊಂಡೆ.
ಆಮೇಲೆ ಕಣ್ಣಿಗೆ ಹಿಡಿದು ನೋಡಿದರೆ
ಅತ್ತ ಕಡೆ ಆಕಾಶ, ಸಾಸಿವೆಯ ಕಾಲು ಭಾಗ.

ಕಿಡಿ ಬರದ ವಾರಗಳನ್ನು ಇಲ್ಲಿ ಬರೆಯುವುದಿಲ್ಲ.
ಕಿಕ್ಕರ್ ತಿರುಗಿ ಹೊಡೆದದ್ದು ಮೊಣಕಾಲ ಕೆಳಗಿದೆ, ನೋಡಬಹುದು.
"ಅದಕ್ಕೆ ಸುರಿದ ದುಡ್ಡಲ್ಲಿ ಚೆಂದದ್ದೊಂದು ಸ್ಕೂಟಿ ಬರ್ತಿತ್ತು" ಅಂದ ತಮ್ಮ.
ಬರ್ತಿತ್ತು.
ಕಟಿಂಗ್ ಟೇಬಲ್ಲಿನ ಚಿಂದಿ ಕೂಡಿಸಿ ಸೀಟಿಗೆ ಕವರ್ ಹೊಲಿದೆ,
ಮೂರು ಥರದ ನೀಲಿ, ಜೋಡಿ ಹೊಲಿಗೆ,
ಪಕ್ಕಕ್ಕೆ ಪ್ಲಗ್ ಪಾನಾ ಇಡಲು ಜೇಬು.
ಅದರ ಕೂಲಿ ಯಾರೂ ಕೊಡಬೇಕಿಲ್ಲ.

ಶ್ರಾವಣದ ಒಂದು ಭಾನುವಾರ, ಕರೆಂಟು ಹೋಗಿ
ಓಣಿಯ ಯಂತ್ರಗಳೆಲ್ಲ ಒಮ್ಮೆಲೇ ಸುಮ್ಮನಾದಾಗ
ಹತ್ತೊಂಬತ್ತನೆಯ ಕಿಕ್ಕಿಗೆ ಅದು ಕೆಮ್ಮಿತು,
ಇನ್ನೊಮ್ಮೆ ಕೆಮ್ಮಿತು, ಆಮೇಲೆ ಮಾತಾಡತೊಡಗಿತು,
ಎರಡು ಸೈಲೆನ್ಸರಿಂದ ಎರಡು ಹೊಗೆ.
ಮಾಬುಸಾಬ್ ತಲೆ ಓರೆ ಮಾಡಿ ಕಿವಿಗೊಟ್ಟ,
ಹುಬ್ಬು ಗಂಟಿಕ್ಕಿದ, ಏನೋ ಹೇಳಲು ಕೈ ಎತ್ತಿದ.
ಅಷ್ಟರಲ್ಲಿ ನಾನು ಹತ್ತಿ ಕೂತು
ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟಾಗಿತ್ತು.

ಗಾಡಿ ಹಿಂದಕ್ಕೆ ಹೋಯಿತು.

ಮುಂದಿನ ಗೇರು, ಮುಂದೆ ನೋಡುತ್ತಿರುವ ನಾನು,
ಹಿಂದಕ್ಕೆ, ನೀಲಿ ನೀರಿನ ಚರಂಡಿಯ ಅಂಚು ಹಿಡಿದು,
ಕೋಳಿಯೊಂದನ್ನು ಹಾರಿಸಿ,
ಚಿಂದಿಯ ಗುಡ್ಡೆಯೊಳಗೆ, ಸೊಂಟದವರೆಗೆ.
"ಟೈಮಿಂಗು ಉಲ್ಟಾ!" ಮುದುಕ ಕಟ್ಟೆ ಬಡಿದು ನಗುತ್ತಿದ್ದ,
"ಪಾಯಿಂಟು ಕೂದಲೆಳೆ ಆಚೀಚೆ ಆದ್ರೆ
ಈ ನನಮಗ ಹಿಂದಕ್ಕೂ ಅಷ್ಟೇ ಖುಷಿಯಾಗಿ ಓಡ್ತಾನೆ!"

ಓಣಿಗೆ ಓಣಿಯೇ ಬಂದು ನಿಂತಿತ್ತು.
"ಯಾರ ಗಾಡಿಯಪ್ಪಾ ಇದು?" ಅಂದಿತು ಗುಂಪಿನೊಳಗಿನ ದನಿ.
ಕ್ಲಚ್ಚು ಬಿಗಿ ಹಿಡಿದಿದ್ದೆ, ಎಂಜಿನ್ ನಿಂತಿರಲಿಲ್ಲ.
"ನಂದು" ಅಂದೆ.
ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.
ಬಾಯಿಗೆ ಸಿಕ್ಕ ದಾರ ಉಗಿದು
ಇನ್ನೊಂದು ಸಲ ಕೂಗಿದೆ.