ಹಳೇ ಲೈನು, ಆಳ ತಿಳಿಯದು

ಮೂವತ್ತೊಂದು ವರ್ಷ ನಾನು ಬರೆದದ್ದು ಪೈಪುಗಳನ್ನ.
ಕಾವೇರಿ ಭವನದ ಕಿಟಕಿ ಪಕ್ಕ ಇಳಿಜಾರು ಮೇಜು,
ಟ್ರೇಸಿಂಗ್ ಹಾಳೆಗೆ ಬೆವರು ತಾಗದಿರಲೆಂದು
ಮುಂಗೈ ಕೆಳಗೊಂದು ಕರ್ಚೀಪು.
ಎಲ್ಲಿಂದ ನೀರು, ಎಲ್ಲಿ ವಾಲ್ವು, ಎಲ್ಲಿ ಸೋರಿಕೆ.
ಅದಕ್ಕೇ ಇರಬೇಕು, ಹನುಮಂತನಗರದ ನಮ್ಮ ಬೀದಿಯವರು
ಬಾವಿ ಮುಚ್ಚುವ ಜಗಳ ಮೂರನೇ ಭಾನುವಾರಕ್ಕೂ ಮುಗಿಯದೆ
'ನೀವಾದರೂ ಒಂದು ಕಡೆ ಬರೆದಿಡಿ ಮೇಡಂ' ಅಂದರು.

ಬರೆಯಲಿಲ್ಲ. ಎಳೆದೆ.
ಹಳೇ ಕ್ಯಾಲೆಂಡರಿನ ನಾಲ್ಕು ಹಾಳೆ ಬೋರಲು ಅಂಟಿಸಿ
ನಡುವೆ ಒಂದು ಚೌಕ: ಬಾವಿ ಮುಚ್ಚಬೇಕು.
ಅದನ್ನು ಎತ್ತಿ ಹಿಡಿವ ಮಾತಿಗೆ ಹಸಿರು ಗೆರೆ,
ಕೆಳಗೆಳೆವ ಮಾತಿಗೆ ಕೆಂಪು,
ಪ್ರತಿ ಗೆರೆಯ ಮೇಲೂ ಒಂದು ಸಣ್ಣ 'ಯಾಕೆ'.

ಇಂದುಧರ ಅಂದರು: ಏಳು ಕಾರು ನಿಲ್ಲಿಸಬಹುದು.
ಚೌಕ.
ಜಬೀನ್ ಅಂದಳು: ಹೋದ ಬೇಸಿಗೆ ಟ್ಯಾಂಕರಿನವನು ಕೈಕೊಟ್ಟಾಗ
ಯಾವ ಕಾರಲ್ಲಿ ನೀರು ತಂದಿರಿ?
ಪ್ರಶ್ನೆ ಚೌಕದಲ್ಲಿ ಕೂರುವುದಿಲ್ಲ, ಬಿಡಿಸಿ ಹೇಳು ಅಂದೆ.
ಮುಖ ಗಂಟಿಕ್ಕಿಕೊಂಡೇ ಬಿಡಿಸಿದಳು:
ಬಾವಿಯಲ್ಲಿ ಇನ್ನೂ ನೀರಿದೆ.
ಸಿಟ್ಟು ಬಸಿದ ಮೇಲೆ ಉಳಿದದ್ದು ಮೂರೇ ಪದ;
ಏಳು ಕಾರಿನ ಚೌಕ ಆ ತೂಕಕ್ಕೆ ಕೊಂಚ ವಾಲಿತು.

ಸೊಳ್ಳೆ, ಡೆಂಗಿ, ರಾತ್ರಿ ಯಾರೋ ಎಸೆವ ಬಾಟಲಿ.
ಎಲ್ಲಕ್ಕಿಂತ ದೊಡ್ಡದು: ಹಿಂದೊಮ್ಮೆ ಮಗು ಬಿದ್ದಿತ್ತು.
ಆರು ಹಸಿರು ಗೆರೆ ಹೊರಟದ್ದು ಅದೊಂದರಿಂದ.
ಇದೇ ಮೇನ್ ಲೈನು ಅಂದುಕೊಂಡೆ. ಮೂಲ ಬೇಕಲ್ಲ,
ಯಾರು ಹೇಳಿದ್ದು?
ಇಂದುಧರರಿಗೆ ಫಿಲೋಮಿನಾ,
ಫಿಲೋಮಿನಾಗೆ ಹಾಲಿನ ಬೂತಿನ ರೇಣುಕಯ್ಯ,
ರೇಣುಕಯ್ಯನಿಗೆ, ತಲೆ ಕೆರೆದುಕೊಂಡು, ಇಂದುಧರರೇ.
ಗೆರೆ ಸುತ್ತಿ ಬಂದು ತನ್ನ ಬಾಲ ತಾನೇ ಕಚ್ಚಿತು.
ಎತ್ತು ಈದಿತ್ತು; ನಾವು ಕೊಟ್ಟಿಗೆ ಮುಂದೆ
ಹಗ್ಗ ಹಿಡಿದು ಸಾಲಾಗಿ ನಿಂತಿದ್ದೆವು.
ಬಾಗಿಲಿನಿಂದಲೇ ಏಳುಮಲೈ:
'ಮಗು ಅಲ್ಲ ಮೇಡಂ, ಬಿದ್ದಿದ್ದು ನನ್ನ ಇಸ್ತ್ರಿಪೆಟ್ಟಿಗೆ.
ಹಿತ್ತಾಳೇದು, ಎಂಟು ಕೇಜಿ. ಇನ್ನೂ ಅಲ್ಲೇ ಇದೆ.'
ಎಲ್ಲರೂ ನಕ್ಕರು.

ಫಿಲೋಮಿನಾ ನಗಲಿಲ್ಲ.
'ಬಿದ್ದಿಲ್ಲದಿದ್ದರೇನು, ಬೀಳಬಹುದಲ್ಲ'
ಅಂದರು, ಮೊಮ್ಮಗನ ಮಣಿಕಟ್ಟು ಬಿಡದೆ.
ನಿಜ. ಸುಳ್ಳು ಎದ್ದುಹೋದ ಜಾಗದಲ್ಲಿ ಭಯ ಬಂದು ಕೂತಿತು,
ಅದಕ್ಕೆ ಯಾರ ಸಾಕ್ಷಿಯೂ ಬೇಕಿರಲಿಲ್ಲ.
ಕಬ್ಬಿಣದ ಜಾಲರಿ ಸಾಕೆ? ಅನ್ನುವಷ್ಟರಲ್ಲಿ ಕಾಫಿ ಬಂತು.

ರಾತ್ರಿ ಮನೆಯಲ್ಲಿ ಹಾಳೆ ಹಾಸಿ
ಪೆನ್ಸಿಲ್ ಗೆರೆಗೆ ಶಾಯಿ ತುಂಬಿದೆ.
ಮುಗಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರೆ
ಬಾವಿ ಉಳಿಸುವ ಗೆರೆಗಳಿಗೆಲ್ಲ ದಪ್ಪ ನಿಬ್ಬು,
ಮುಚ್ಚುವವಕ್ಕೆ ಸಣ್ಣದು.
ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗೇ ಪಕ್ಷ ಹಿಡಿದಿತ್ತು.
ಜಬೀನಳ ಮಾತಿಗೆ ದುಂಡಗಿನ ಅಕ್ಷರ.
ಇಂದುಧರರ ಚೌಕದಲ್ಲಿ ಜಾಗ ಸಾಲದೆ 'ಇತ್ಯಾದಿ'.
ಏನಿತ್ತು ಆ ಇತ್ಯಾದಿಯಲ್ಲಿ?
ತಾಯಿಗೆ ಆಂಬುಲೆನ್ಸು ಬಂದ ದಿನ
ಬೀದಿಯ ಎರಡೂ ಬದಿ ಕಾರು,
ತುದಿಯವರೆಗೆ ಸ್ಟ್ರೆಚರು ಕೈಯಲ್ಲೇ ಹೊತ್ತದ್ದು.
ಹೇಳಿದ್ದರು. ಕೇಳಿದ್ದೆ. ಬರೆದಿರಲಿಲ್ಲ.

ಬ್ಲೇಡಿನಿಂದ ಕೆರೆಯಹೋದೆ; ಕ್ಯಾಲೆಂಡರಿನ ಹಾಳೆ, ಹರಿಯಿತು.
ಮತ್ತೆ ಮೊದಲಿಂದ ಎಳೆದೆ,
ಎಲ್ಲಕ್ಕೂ ಒಂದೇ ನಿಬ್ಬು. ಬೆರಳು ನೋಯಿತು.
ನನಗೆ ಈಗಲೂ ಬಾವಿಯೇ ಬೇಕು, ಆ ಮಾತು ಬೇರೆ.

ಎಲ್ಲ ಮುಗಿದು ಉಳಿದದ್ದು ಮೂಲೆಮನೆ ಚನ್ನಾಜಮ್ಮನ ಮಾತು.
ಮೂರು ಭಾನುವಾರಕ್ಕೆ ಒಂದೇ ಸಲ ಬಾಯಿಬಿಟ್ಟವರು:
'ಮಳೆ ನಿಂತ ರಾತ್ರಿ ಬಾವಿ ಉಸಿರು ಬಿಡೋದು ಕೇಳುತ್ತೆ.'
ಮುಚ್ಚಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ.
ಹಸಿರು ಪೆನ್ನು ತೆಗೆದೆ, ಇಟ್ಟೆ. ಕೆಂಪು ತೆಗೆದೆ, ಇಟ್ಟೆ.
ಕೊನೆಗೆ ಅಂಚಿನಲ್ಲಿ ಬರೆದು, ಯಾವುದಕ್ಕೂ ಜೋಡಿಸದೆ
ಪಕ್ಕದಲ್ಲಿ ಚುಕ್ಕಿ ಚುಕ್ಕಿ ಬಿಟ್ಟೆ,
ಯಾರೂ ಅಗೆದು ನೋಡದ ಪೈಪಿಗೆ
ನಾವು ನಕ್ಷೆಯಲ್ಲಿ ಸಣ್ಣಗೆ ಬರೆಯುತ್ತಿದ್ದೆವಲ್ಲ, ಹಾಗೆ:
ಹಳೇ ಲೈನು, ಆಳ ತಿಳಿಯದು.