ಕೆಟಲಿನ ಕೆಳಗಿನ ಚೀಟಿ

ಹಲ್ ಊರಿನ ಆ ಇಟ್ಟಿಗೆಯ ಓಣಿಯಲ್ಲಿ
ನಾನು ಬಾಡಿಗೆಗಿದ್ದ ಮನೆಯ ಒಡತಿ ಥರ್ಜಾ.
ಗಂಡ ನೋರಿಸ್ ರಾತ್ರಿ ಪಾಳಿಯ ಬಸ್ಸಿನವನು,
ಈಕೆ ಮೂರಕ್ಕೇ ಎದ್ದು ಬೇಕರಿಗೆ ಹೊರಡುವವಳು.
ಒಬ್ಬರ ಕಾವು ಆರುವ ಹೊತ್ತಿಗೆ
ಅದೇ ಹಾಸಿಗೆಗೆ ಇನ್ನೊಬ್ಬರು.
ಮಾತೆಲ್ಲ ಚೀಟಿಯಲ್ಲಿ,
ಟಿಕೆಟ್ ರೋಲಿನ ಹಿಂಬದಿ, ಕೆಟಲಿನ ಕೆಳಗೆ.

ಫೆಡ್ ದ ಕ್ಯಾಟ್.
ಫಿಕ್ಸ್ಡ್ ದ ಟ್ಯಾಪ್, ಸಾರ್ಟ್ ಆಫ್.
ಮಿಸ್ಡ್ ಯು.

ಕರ್ತೃವೇ ಇಲ್ಲ ಎಲ್ಲೂ.
ನನ್ನ ಶಾಲೆಯಲ್ಲಿ ಐ ಬಿಟ್ಟರೆ
ಬೆರಳ ಗಂಟಿಗೆ ಸ್ಕೇಲು ಬೀಳುತ್ತಿತ್ತು;
ಇವರೋ ಆ ನೆಟ್ಟನೆಯ ಕಂಬವನ್ನು
ಬಾಗಿಲಾಚೆಯೇ ಕಳಚಿಟ್ಟು ಒಳಬರುತ್ತಾರೆ,
ಕೆಸರಾದ ಬೂಟಿನ ಹಾಗೆ.

"ಅವನಿಗೆ ನಾಚಿಕೆ" ಅಂದಿದ್ದಳು ಥರ್ಜಾ.
"ಐ ಲವ್ ಯು ಅಂದರೆ
ಪಾದ್ರಿಯ ಮುಂದೆ ಮತ್ತೆ ನಿಂತ ಹಾಗಂತೆ.
ಬರೀ ಲವ್ ಯು ಆದರೆ
ಹಾಲು ತಾ ಅಂದಷ್ಟು ಸಲೀಸು."

ನಾವೂ ಬಿಡುತ್ತೇವೆ, ಅಂದೆ,
ಆದರೆ ನಮ್ಮಲ್ಲಿ ಬಿಟ್ಟವರು
ಕ್ರಿಯಾಪದದ ಬಾಲ ಹಿಡಿದು ಬಂದೇ ಬರುತ್ತಾರೆ.
ಬಂದರು ಅಂದರೆ ಇನ್ನೊಂದು ಲೋಟ ತೊಳೆಯಬೇಕು.
ನಿಮ್ಮ ಕೇಮ್ ಒಳಗೆ ಯಾರೂ ಇಲ್ಲ,
ಮೊಳೆಗೆ ತೂಗಿದ ಕೋಟು.

ಫೆಬ್ರವರಿಯಲ್ಲಿ, ಡಿಪೋದಲ್ಲಿ,
ಇಂಜಿನ್ ಆರಿಸಿ, ಬ್ರೇಕ್ ಎಳೆದು, ದೀಪ ತೆಗೆದು
ಆಮೇಲೆ ಸತ್ತ ನೋರಿಸ್.
ಯಾರಿಗೂ ತೊಂದರೆಯಾಗದಂತೆ.

ಹಿಂದಿನ ಸಂಜೆಯ ಚೀಟಿ ಕೆಟಲಿನ ಕೆಳಗೇ ಇತ್ತು:
ಡಿಡಂಟ್ ಲೈಕ್ ಟು ವೇಕ್ ಯು. ಗಾನ್.

"ನಿನ್ನ ಭಾಷೆಯಲ್ಲಿ ಓದು" ಅಂದಳು,
"ಬಾಲದಲ್ಲಾದರೂ ಇರುತ್ತಾನಲ್ಲ ಅಲ್ಲಿ."

ಓದಿದೆ. ಎಬ್ಬಿಸಲು ಮನಸ್ಸಾಗಲಿಲ್ಲ.
ತಡಕಾಡಿದೆ: ಮನಸ್ಸೊಂದೇ ಇತ್ತು ಅಲ್ಲಿ,
ಯಾರದೆಂದು ಬರೆದಿರಲಿಲ್ಲ.
ಮುಂದಿನದರಲ್ಲಿ ಸಿಕ್ಕ.
ಹೋದೆ.
ಇಗೋ, ಈ ತುದಿಯ ಎಕಾರದಲ್ಲಿದ್ದಾನೆ, ಅಂದೆ.

ಥರ್ಜಾ ಅದನ್ನು ಬಾಯಲ್ಲಿ ಹೊರಳಿಸಿದಳು,
ಬಿಸಿ ಆಲೂಗಡ್ಡೆಯಂತೆ. ಹೋ... ದೆ.
ಇನ್ನೊಮ್ಮೆ.
ಮೂರನೆಯ ಸಲ ಅವನ ಕುರ್ಚಿಯ ಕಡೆ ತಿರುಗಿ,
ಬೈದ ಹಾಗೆ:
ಹೋದೆ.

ಅದೂ ಸರಿಯೇ.
ನಾನು ಹೋದೆ, ನೀನು ಹೋದೆ,
ಎರಡಕ್ಕೂ ಒಂದೇ ಬಾಲ ನಮ್ಮಲ್ಲಿ.
ಇಷ್ಟು ವರ್ಷ ಆಡಿದ ಭಾಷೆ,
ನನಗೇ ಹೊಳೆದಿರಲಿಲ್ಲ.

ಹೇಳಲಿಲ್ಲ.
ಕೆಟಲ್ ಕುದಿಯಿತು.
ಎರಡು ಲೋಟ ಇಟ್ಟಳು.
ಒಂದು ನನಗೇ ಇರಬೇಕು.